ಎರಡು ವಿದ್ಯೆ, ಒಂದು ಸರದಿ

ಆಟವೆಂದ ಮೇಲೆ ಆಡುವವರ ಬಲಗಳು ಸಮವಾಗಿರತಕ್ಕದ್ದೆಂಬುದು ಮೇಲ್ನೋಟದ ನ್ಯಾಯ. ಆದರೆ ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಂತಹ ಊರುಗಳ ಜಗುಲಿಕಲ್ಲುಗಳಿಗೆ ಸಲ್ಲುವ ಆಡು-ಹುಲಿ ಆಟವು ಈ ನ್ಯಾಯವನ್ನು ಒಪ್ಪುವುದಿಲ್ಲ. 3 ಹುಲಿಗಳಿಗೆ ನೆಗೆದು ಕೊಲ್ಲುವ ಶಕ್ತಿಯುಂಟು. 15 ಆಡುಗಳಿಗೆ ಕೂಡಿನಿಂತು ದಾರಿಯನ್ನು ಕಟ್ಟುವ ಶಕ್ತಿಯುಂಟು. ಬಲಗಳು ವಿಷಮವಾಗಿದ್ದೂ ಆಟವು ಸಮವಾಗುವುದು, ಪ್ರತಿಯೊಂದು ಶಕ್ತಿಗೂ ಅದಕ್ಕೆ ತಕ್ಕ ನಿರ್ಬಂಧವು ಜೊತೆಗಿರುವುದರಿಂದಲೇ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಈ ಸಮತೋಲದ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ; ಅಲ್ಲಿ ಆಟಗಾರರು ಪರಸ್ಪರ ವೈರಿಗಳಲ್ಲ, ಒಂದೇ ಕಥೆಯೊಳಗಿನ ಸಹಚರರು. ಗ್ರಂಥಾಭ್ಯಾಸದಿಂದ ಮಂತ್ರ ಕಲಿತ ವಿಝರ್ಡ್ ಒಬ್ಬನು, ದೈವಾನುಗ್ರಹದಿಂದ ಮಂತ್ರ ಪಡೆದ ಕ್ಲೆರಿಕ್ ಇನ್ನೊಬ್ಬನು. ಈ ಎರಡು ವಿದ್ಯೆಗಳನ್ನೂ ಒಬ್ಬನಲ್ಲೇ ಕೂಡಿಸುವ ‘ಮಿಸ್ಟಿಕ್ ಥಿಯರ್ಜ್’ ಎಂಬ ಪಾತ್ರವರ್ಗವು 2003ರ ಪರಿಷ್ಕೃತ ನಿಯಮಗ್ರಂಥದಲ್ಲಿದೆ. ವಿಝರ್ಡ್ ಆಗಿ 3 ಹಂತ, ಕ್ಲೆರಿಕ್ ಆಗಿ 3 ಹಂತ ಏರಿದವನಿಗೆ ಅದು ತೆರೆಯುತ್ತದೆ. ಅಲ್ಲಿಂದ ಮುಂದೆ ಅದರ 10 ಹಂತಗಳಲ್ಲಿ ಎರಡು ವಿದ್ಯೆಗಳೂ ಒಟ್ಟಿಗೆ ಬೆಳೆಯುತ್ತವೆ.

ಇದಕ್ಕೆ ತೆರುವ ಬೆಲೆ, ಒಂದೇ ವಿದ್ಯೆಯನ್ನು ಹಿಡಿದವನಿಗಿಂತ ಪ್ರತಿಯೊಂದು ವಿದ್ಯೆಯಲ್ಲೂ 3 ಹಂತಗಳ ವಿಳಂಬ. ಆದರೆ ಆ ವಿಳಂಬದ ಭಾರವು ಎಲ್ಲ ಕಾಲಕ್ಕೂ ಒಂದೇ ಅಲ್ಲ. 6ನೆಯ ಹಂತದಲ್ಲಿ ಅದು ಬದುಕಿನ ಅರ್ಧ. 16ನೆಯ ಹಂತದಲ್ಲಿ ಐದನೆಯ ಒಂದು ಪಾಲಿಗಿಂತಲೂ ಕಡಮೆ. ಆರಂಭದಲ್ಲಿ ಸಂಗಡಿಗರಿಗೆ ಹೊರೆಯಾಗಿದ್ದವನು ಕೊನೆಯಲ್ಲಿ ಇಬ್ಬರ ಮಂತ್ರಭಂಡಾರವನ್ನು ಒಬ್ಬನೇ ಹೊತ್ತು ನಿಲ್ಲುತ್ತಾನೆ. ಮೊದಲೇ ಕಟ್ಟಿಸಿಕೊಂಡ ಕಂದಾಯವು ಮುಂದಿನ ಅತಿಶಯವನ್ನು ತಡೆಯಲಾರದು.

ಆದಕಾರಣ ನಿರ್ಬಂಧವು ಶಕ್ತಿಯ ಸಂಪಾದನೆಯಲ್ಲಿರದೆ ಅದರ ಪ್ರಯೋಗದಲ್ಲಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಮ್ಮ ಮಹಾಭಾರತವು ಈ ಮರ್ಮವನ್ನು ಚೆನ್ನಾಗಿ ಬಲ್ಲುದು. ಕವಚಕುಂಡಲಗಳನ್ನಿತ್ತು ಇಂದ್ರನಿಂದ ಪಡೆದ ಶಕ್ತ್ಯಾಯುಧವನ್ನು ಕರ್ಣನು ಒಂದೇ ಸಲ ಪ್ರಯೋಗಿಸಬಹುದಾಗಿತ್ತು. ಅರ್ಜುನನಿಗೆಂದು ಕಾದಿಟ್ಟ ಅದನ್ನು ಘಟೋತ್ಕಚನ ಮೇಲೆ ವ್ಯಯಿಸಬೇಕಾಗಿ ಬಂದ ಕ್ಷಣದಲ್ಲಿ ಆಯುಧದ ಮಹತ್ತೂ ಅದರ ಮಿತಿಯೂ ಒಟ್ಟಿಗೆ ಪ್ರಕಟವಾದುವು. ಮಿತಿಯು ವೀರನನ್ನು ಕುಗ್ಗಿಸಲಿಲ್ಲ. ಅವನ ಆಯ್ಕೆಗೆ ಗುರುತ್ವವನ್ನು ತಂದಿತು.

‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿಯೂ ಇದರ ಬೀಜವಿದೆ: ಎಷ್ಟು ಮಂತ್ರ ಬಲ್ಲವನೇ ಆದರೂ ಒಂದು ಸರದಿಗೆ ಸಾಮಾನ್ಯವಾಗಿ ಒಂದನ್ನೇ ಉಚ್ಚರಿಸಬಲ್ಲನು. ಈ ತತ್ತ್ವವನ್ನೇ ವಿಸ್ತರಿಸಿ, ಎರಡು ವಿದ್ಯೆಗಳಿಗೂ ಒಂದೇ ಭಂಡಾರವನ್ನಿಟ್ಟು, ಬೆಂಕಿಯ ಮಂತ್ರಕ್ಕೆ ತೆತ್ತದ್ದು ಗಾಯ ಮಾಯಿಸುವ ಮಂತ್ರಕ್ಕೆ ಉಳಿಯದಂತೆ ಮಾಡಿದರೆ, ಪ್ರತಿಯೊಂದು ಪ್ರಯೋಗವೂ ಒಂದು ತ್ಯಾಗವಾಗುತ್ತದೆ. ಹೀಗೆ ಬಿಗಿದರೆ ಆಡುವವನ ಉಲ್ಲಾಸವೇ ಬತ್ತುವುದೆಂಬ ಆಕ್ಷೇಪವುಂಟು. ಆದರೆ ಎಲ್ಲವನ್ನೂ ಮಾಡಬಲ್ಲ ಒಬ್ಬನ ಉಲ್ಲಾಸಕ್ಕಾಗಿ, ಮಾಡಲು ಏನೂ ಉಳಿಯದ ನಾಲ್ವರು ಸುಮ್ಮನೆ ಕುಳಿತಿರುವುದು ಆಟವಲ್ಲ. ತನ್ನಿಂದಲೇ ಆಗಬೇಕಾದ ಒಂದು ಕೆಲಸವು ಪ್ರತಿಯೊಬ್ಬ ಸಂಗಡಿಗನಿಗೂ ಉಳಿದಿದೆಯೇ ಎಂಬುದೊಂದೇ ಸಮತೋಲದ ನಿಜವಾದ ಅಳತೆ; ನಿಯಮಗಳನ್ನು ರಚಿಸುವವರು ಅಂಕೆಗಳನ್ನು ಕೂಡಿಸುವುದಕ್ಕೆ ಮೊದಲು ಈ ಪ್ರಶ್ನೆಯನ್ನು ಕೇಳಿಕೊಳ್ಳತಕ್ಕದ್ದು.