ಗುರುವಿನ ಮನೆಗೂ ಬೇಕು ಒಂದು ಪುಟದ ನಿಯಮ

ನಗರದ ಮಧ್ಯಮವರ್ಗದ ಮನೆಗಳಲ್ಲಿ ಮಗಳಿಗೆ ಆರು ವರ್ಷ ತುಂಬುತ್ತಿದ್ದಂತೆ ಏಳುವ ಪ್ರಶ್ನೆಗಳಲ್ಲಿ ‘ನೃತ್ಯಕ್ಕೆ ಯಾರ ಬಳಿ ಸೇರಿಸುವುದು’ ಎಂಬುದೂ ಒಂದು. ಶಾಲೆಗೆ ಸೇರಿಸುವಾಗ ಹತ್ತು ಕಡೆ ವಿಚಾರಿಸಿ, ಶುಲ್ಕದ ಪಟ್ಟಿ, ಪಠ್ಯಕ್ರಮ, ಬಸ್ಸಿನ ವ್ಯವಸ್ಥೆ ಎಲ್ಲವನ್ನೂ ಪರಿಶೀಲಿಸುವ ತಂದೆತಾಯಿ ನೃತ್ಯಶಾಲೆಯ ವಿಷಯದಲ್ಲಿ ಹೆಚ್ಚೇನನ್ನೂ ಕೇಳುವುದಿಲ್ಲ. ಪರಿಚಯದವರೊಬ್ಬರ ಮಾತು, ವಿಜಯದಶಮಿಯ ದಿನ ತಟ್ಟೆಯಲ್ಲಿ ಹಣ್ಣು, ತಾಂಬೂಲ, ದಕ್ಷಿಣೆ. ಅಲ್ಲಿಗೆ ದಾಖಲಾತಿ ಮುಗಿಯಿತು. ಹತ್ತು ಹನ್ನೆರಡು ವರ್ಷ ನಡೆಯಬೇಕಾದ ಸಂಬಂಧವೊಂದು ಹೀಗೆ ಒಂದು ಸಾಲಿನ ಬರಹವೂ ಇಲ್ಲದೆ ಆರಂಭವಾಗುತ್ತದೆ.

ಇಂಥ ಶಾಲೆಗಳಲ್ಲಿ ಹಲವು ಕುಟುಂಬದ ಶಾಲೆಗಳು. ನನ್ನ ಮಗಳು ಬೆಂಗಳೂರಿನಲ್ಲಿ ಎಂಟು ವರ್ಷ ಭರತನಾಟ್ಯ ಕಲಿತದ್ದೂ ಅಂಥದೇ ಒಂದು ಮನೆಯಲ್ಲಿ. ಅತ್ತೆ ಗುರು, ಸೊಸೆ ಚಿಕ್ಕ ಮಕ್ಕಳಿಗೆ ಅಡವು ಹೇಳಿಕೊಡುತ್ತಾರೆ, ಮಗ ಮೃದಂಗ ನುಡಿಸುತ್ತಾರೆ, ನಿವೃತ್ತರಾದ ಯಜಮಾನರು ಶುಲ್ಕದ ಲೆಕ್ಕ ಬರೆಯುತ್ತಾರೆ. ಮಳೆಯಲ್ಲಿ ನೆನೆದು ಬಂದ ಮಕ್ಕಳ ತಲೆ ಒರೆಸಿ ಬಿಸಿ ಹಾಲು ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಮಗಳು ಜ್ವರದಿಂದ ಮಲಗಿದ್ದಾಗ ಮನೆಗೆ ಬಂದು ವಿಚಾರಿಸಿದವರೂ ಆ ಗುರುಗಳೇ. ಅವಳ ಬೆನ್ನು ನೆಟ್ಟಗಾಗಿ, ಕಣ್ಣಿಗೆ ಮಾತು ಬಂದದ್ದು ಅಲ್ಲಿ. ದೊಡ್ಡ ಸಂಸ್ಥೆಗಳಲ್ಲಿ ಈ ಅಕ್ಕರೆ ದೊರೆಯುವುದು ಕಷ್ಟ.

ಈ ಕಲೆ ನಮ್ಮವರೆಗೆ ಹರಿದು ಬಂದದ್ದೂ ಬಹುಮಟ್ಟಿಗೆ ಕುಟುಂಬಗಳ ಮೂಲಕವೇ. ಅಲರಿಪ್ಪಿನಿಂದ ತಿಲ್ಲಾನದವರೆಗಿನ ಕಾರ್ಯಕ್ರಮದ ಕ್ರಮವನ್ನು 19ನೇ ಶತಮಾನದಲ್ಲಿ ರೂಪಿಸಿದ ತಂಜಾವೂರಿನ ನಾಲ್ವರು ಒಂದೇ ಮನೆಯ ಸಹೋದರರು. ಅವರಲ್ಲಿ ಚಿನ್ನಯ್ಯ ಮೈಸೂರಿನ ಆಸ್ಥಾನಕ್ಕೆ ಬಂದರು. ಅವರ ವಂಶದ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೈ ಅವರಲ್ಲಿ ಕಲಿತ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿ ಬೆಂಗಳೂರಿನಲ್ಲಿ ನೃತ್ಯಶಾಲೆ ಕಟ್ಟಿದರು. ಮೈಸೂರಿನ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಅವರಿಗೆ ಅರಮನೆಯ ಆಶ್ರಯವಿತ್ತು. ಇಂದು ಆ ಆಶ್ರಯದ ಸ್ಥಾನದಲ್ಲಿ ಇರುವವರು ತಿಂಗಳ ಮೊದಲ ವಾರ ಶುಲ್ಕ ಕಟ್ಟುವ ತಂದೆತಾಯಿಯರು. ಹಣದ ಮೂಲ ಬದಲಾಯಿತು, ಸಂಬಂಧದ ಭಾಷೆ ಮಾತ್ರ ಬದಲಾಗಲಿಲ್ಲ. ತೊಡಕು ಹುಟ್ಟುವುದು ಇಲ್ಲಿ.

ಗೇಟಿನ ಹೊರಗೆ ಸ್ಕೂಟರಿನ ಮೇಲೆ ಕುಳಿತು ಕಾಯುವ ತಂದೆತಾಯಿಯರ ಮಾತುಗಳನ್ನು ಎಂಟು ವರ್ಷ ಕೇಳಿಸಿಕೊಂಡಿದ್ದೇನೆ. ವಾರ್ಷಿಕೋತ್ಸವದ ಖರ್ಚು ಎಷ್ಟೆಂದು ತಿಳಿಯುವುದು ಇನ್ನೇನು ಕಾರ್ಯಕ್ರಮ ಹತ್ತಿರ ಬಂದಾಗ. ಉಡುಪನ್ನು ಅವರು ಹೇಳಿದ ದರ್ಜಿಯಲ್ಲೇ ಹೊಲಿಸಬೇಕು. ಆಭರಣದ ಬಾಡಿಗೆ, ಪ್ರಸಾಧನ, ವಿಡಿಯೊ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಗುರುಗಳ ಮೊಮ್ಮಗಳು ಯಾವಾಗಲೂ ಮುಂದಿನ ಸಾಲಿನ ನಡುವೆ. ‘ಸ್ವಲ್ಪ ದಪ್ಪಗಿದ್ದೀಯ, ಹಿಂದೆ ನಿಂತುಕೋ’ ಎಂಬ ಮಾತು ಕೇಳಿದ ಹುಡುಗಿಯೊಬ್ಬಳು ಮರುವಾರ ತರಗತಿಗೆ ಬರಲಿಲ್ಲ. ವರ್ಷದ ಶುಲ್ಕ ಕಟ್ಟಿದ ಮೂರೇ ತಿಂಗಳಲ್ಲಿ ಪುಣೆಗೆ ವರ್ಗವಾದ ತಂದೆಯೊಬ್ಬರು ಉಳಿದ ಹಣ ಕೇಳಿದಾಗ, ‘ಗುರುದಕ್ಷಿಣೆಯನ್ನು ಯಾರಾದರೂ ಹಿಂದಕ್ಕೆ ಕೇಳುತ್ತಾರೆಯೇ’ ಎಂಬ ಉತ್ತರ ಬಂತು. ಶುಲ್ಕ ಪಡೆಯುವಾಗ ಅದು ಸಂಸ್ಥೆ. ಪ್ರಶ್ನೆ ಕೇಳಿದಾಗ ಗುರುಕುಲ.

ಇವು ಯಾವುವೂ ಮಹಾಪರಾಧಗಳಲ್ಲ. ಆದರೆ ಇವನ್ನು ಹೇಳಿಕೊಳ್ಳಲು ಒಂದು ಸ್ಥಳವಿಲ್ಲ ಎಂಬುದು ಗಂಭೀರ ಸಂಗತಿ. ಸೊಸೆಯ ಬಗೆಗಿನ ದೂರನ್ನು ಅತ್ತೆಗೆ ಹೇಳಬೇಕು, ಲೆಕ್ಕದ ದೂರನ್ನು ಯಜಮಾನರಿಗೇ ಹೇಳಬೇಕು. ಹೇಳಿದರೆ ಇಡೀ ಮನೆ ಮುನಿಸಿಕೊಳ್ಳುತ್ತದೆ, ಆ ಮುನಿಸನ್ನು ಎದುರಿಸಬೇಕಾದದ್ದು ಎಂಟು ವರ್ಷದ ಮಗು. ಹೀಗಾಗಿ ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಗಟ್ಟಿದನಿಯಲ್ಲಿ ಹಕ್ಕು ಕೇಳುವ ಜನ ಇಲ್ಲಿ ಪಿಸುಗುಟ್ಟುತ್ತಾರೆ. ಕೊನೆಗೆ ಕಾರಣ ಹೇಳದೆ ಮಗುವನ್ನು ಬಿಡಿಸುತ್ತಾರೆ. ಗುರುವಿಗೆ ತಪ್ಪು ತಿಳಿಯುವುದಿಲ್ಲ, ಮಗು ಕಲೆಯಿಂದಲೇ ದೂರವಾಗುತ್ತದೆ.

ಕಾನೂನು ಈ ಕಡೆ ಕಣ್ಣು ಹಾಯಿಸಿದ್ದು ಕಡಿಮೆ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಪೂರ್ಣ ಶುಲ್ಕ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕೆಂದು ಅದು ಹೇಳುತ್ತದೆ. ಆದರೆ ಕೋಚಿಂಗ್ ಎಂಬುದರ ವ್ಯಾಖ್ಯೆಯಲ್ಲೇ ಕ್ರೀಡೆ, ನೃತ್ಯ, ರಂಗಕಲೆಗಳನ್ನು ಹೊರಗಿಡಲಾಗಿದೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಅಳೆಯುವುದು ಮಗುವಿನ ಕಲಿಕೆಯನ್ನು. ಕಲಿಸುವ ಶಾಲೆಯ ನಡವಳಿಕೆಯನ್ನಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿರುದ್ಧ 2012ರ ಪೋಕ್ಸೊ ಕಾಯ್ದೆಯಿದೆ, ಅದು ಮನೆಯ ತರಗತಿಗೂ ಅನ್ವಯಿಸುತ್ತದೆ. ಆದರೆ ಮೊದಲ ಮಾತನ್ನು ಯಾರಿಗೆ ಹೇಳಬೇಕೆಂದು ಮಗುವಿಗೆ ತಿಳಿದಿರಬೇಕಲ್ಲ? ಸಂಸತ್ತಿನ ಕಾಯ್ದೆಯಡಿ ನಡೆಯುವ ಚೆನ್ನೈನ ಕಲಾಕ್ಷೇತ್ರದಲ್ಲೇ 2023ರಲ್ಲಿ ತಮ್ಮ ದೂರಿಗೆ ಕಿವಿಗೊಡಿರೆಂದು ವಿದ್ಯಾರ್ಥಿಗಳು ಧರಣಿ ಕೂರಬೇಕಾಯಿತು. ವಯಸ್ಕ ವಿದ್ಯಾರ್ಥಿಗಳಿಗೇ ಅಷ್ಟು ಕಷ್ಟವಾದರೆ ಮಹಡಿ ಮನೆಯ ತರಗತಿಯ ಮಗುವಿನ ಸ್ಥಿತಿಯನ್ನು ಊಹಿಸಬಹುದು.

ಹಾಗೆಂದು ದೋಷವೆಲ್ಲ ಗುರುಮನೆಯದೇ ಎನ್ನುವಂತಿಲ್ಲ. ಪರೀಕ್ಷೆಯ ನೆಪ ಹೇಳಿ ಮೂರು ತಿಂಗಳು ಮಗುವನ್ನು ಕಳಿಸದೆ, ಆ ಶುಲ್ಕವನ್ನೂ ಕೊಡದೆ, ವಾರ್ಷಿಕೋತ್ಸವಕ್ಕೆ ಮಾತ್ರ ಮುಂದಿನ ಸಾಲು ಕೇಳುವ ತಂದೆತಾಯಿಯರಿದ್ದಾರೆ. ಅರೆಮಂಡಿ ಇನ್ನೂ ಕೂಡದ ಮಗುವಿಗೆ ರಂಗಪ್ರವೇಶ ಮಾಡಿಸಿ ಎಂದು ದುಂಬಾಲು ಬೀಳುವವರೂ ಇದ್ದಾರೆ. ಸಭಾಂಗಣ, ಹಿಮ್ಮೇಳ, ಉಡುಪು, ಆಹ್ವಾನಪತ್ರಿಕೆ, ಊಟ, ಗುರುಗಳಿಗೆ ರೇಷ್ಮೆ ಸೀರೆ ಎಂದು ಲಕ್ಷಗಳಲ್ಲಿ ಖರ್ಚಾಗಿ ರಂಗಪ್ರವೇಶ ಮದುವೆಯಂತಾಗಿರುವುದಕ್ಕೆ ಎರಡೂ ಕಡೆಯವರು ಕಾರಣರು. ಸಾಲ ಮಾಡಿ ನಡೆಸಿದ ಆ ಒಂದು ಸಂಜೆಯ ನಂತರ ಗೆಜ್ಜೆ ಕಪಾಟು ಸೇರಿದ ಮನೆಗಳನ್ನು ನಾನು ಬಲ್ಲೆ. ಖರ್ಚು ಭರಿಸಲಾರದ ಮನೆಯ ಪ್ರತಿಭಾವಂತ ಹುಡುಗಿ ರಂಗದ ಹೊರಗೇ ಉಳಿಯುವುದು ಇನ್ನೂ ದೊಡ್ಡ ನಷ್ಟ.

ಇದಕ್ಕೆ ಸರ್ಕಾರದ ಇನ್‌ಸ್ಪೆಕ್ಟರ್ ಬರಬೇಕೆಂದು ನಾನು ಹೇಳಲಾರೆ. ಇಪ್ಪತ್ತು ಮಕ್ಕಳಿಗೆ ಕಲಿಸುವ ಮನೆಯ ಮೇಲೆ ಪರವಾನಗಿಯ ಹೊರೆ ಹೇರಿದರೆ ಕಲೆಗೇ ಪೆಟ್ಟು. ಬೇಕಾದದ್ದು ಒಂದು ಪುಟದ ಲಿಖಿತ ನಿಯಮ. ವರ್ಷದ ಶುಲ್ಕ ಎಷ್ಟು, ನಡುವೆ ಬಿಟ್ಟರೆ ಎಷ್ಟು ಹಿಂದಿರುಗುತ್ತದೆ, ಗೈರುಹಾಜರಾದ ತಿಂಗಳಿಗೆ ಕಟ್ಟಬೇಕೇ, ವಾರ್ಷಿಕೋತ್ಸವಕ್ಕೆ ಗರಿಷ್ಠ ಎಷ್ಟು ಖರ್ಚಾದೀತು, ರಂಗಪ್ರವೇಶಕ್ಕೆ ಅರ್ಹತೆ ಏನು ಎಂಬುದು ಅದರಲ್ಲಿರಲಿ. ತರಗತಿಯ ಬಾಗಿಲು ತೆರೆದಿರಲಿ. ಮಕ್ಕಳ ಮೈಬಣ್ಣ, ಮೈಕಟ್ಟಿನ ಬಗ್ಗೆ ಮಾತು ಬೇಡ. ದೂರು ಕೇಳಲು ಗುರುಗಳ ಕುಟುಂಬದವರಲ್ಲದ ಇಬ್ಬರು ಹಿರಿಯ ಪೋಷಕರು ಇರಲಿ. ಅವರ ಹೆಸರು, ದೂರವಾಣಿ ಸಂಖ್ಯೆ ಮಕ್ಕಳಿಗೂ ಗೊತ್ತಿರಲಿ.

ಇಂಥ ಪುಟ ಗುರುವಿಗೂ ರಕ್ಷಣೆ. ಬಾಕಿ ಶುಲ್ಕ ಕೇಳಲು ಅವರು ಸಂಕೋಚಪಡಬೇಕಿಲ್ಲ, ಪಾತ್ರ ಹಂಚಿಕೆಯಲ್ಲಿ ಪಕ್ಷಪಾತದ ಆರೋಪ ಹೊರಬೇಕಿಲ್ಲ. ನಿಯಮ ಬರೆದರೆ ಭಕ್ತಿ ಕಡಿಮೆಯಾದೀತೆಂಬ ಅಂಜಿಕೆಗೆ ಆಧಾರವಿಲ್ಲ. ಹಣದ ವಿಷಯ ಮೊದಲೇ ಸ್ಪಷ್ಟವಾದಾಗ ಗುರು–ಶಿಷ್ಯೆಯರ ನಡುವೆ ಉಳಿಯುವುದು ಕಲಿಕೆ ಮಾತ್ರ. ಇಂದು ದೊಡ್ಡ ಶಿಷ್ಯಬಳಗ ಹೊಂದಿರುವ ನಾಲ್ಕಾರು ಹಿರಿಯ ಗುರುಗಳು ಮೊದಲು ಇದನ್ನು ಜಾರಿಗೆ ತಂದರೆ ಉಳಿದವರು ಅನುಸರಿಸುತ್ತಾರೆ. ಅವರು ತರುವವರೆಗೆ, ಮಗಳನ್ನು ಸೇರಿಸುವ ಮುನ್ನ ಆ ಪುಟವನ್ನು ವಿನಯದಿಂದಲೇ ಕೇಳುವ ಹೊಣೆ ತಂದೆತಾಯಿಯರದು.