ವೀಲಿಂಗ್‌ಗೆ ಕಠಿಣ ಕಾನೂನು ಸಾಕೇ? 1955ರ ರೇಸ್ ಋತು ಹೇಳುವುದೇನು

ಹೊಸಪೇಟೆ: ಕಂಪ್ಲಿಯ ಬಳಿ ತುಂಗಭದ್ರೆಯನ್ನು ದಾಟಿ ಮುಂದೆ ಹೋದರೆ ಗಂಗಾವತಿ. ಅಲ್ಲಿನ ವೀಲಿಂಗ್ ಪ್ರಕರಣವೊಂದು 2025ರ ಮೇ ತಿಂಗಳಲ್ಲಿ ರಾಜ್ಯ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಬಂದಿತ್ತು. ಆರೋಪಿಗೆ ಜಾಮೀನು ನಿರಾಕರಿಸಿದ ನ್ಯಾಯಾಲಯ, ನಗರಗಳಲ್ಲಿದ್ದ ಈ ಪಿಡುಗು ಗ್ರಾಮಾಂತರಕ್ಕೂ ಹಬ್ಬಿದೆ ಎಂದು ಕಳವಳ ವ್ಯಕ್ತಪಡಿಸಿ, ಅದನ್ನು ಹತ್ತಿಕ್ಕಲು ಕಠಿಣ ಕಾನೂನಿನ ಅಗತ್ಯವನ್ನು ಎತ್ತಿ ಹೇಳಿತು. ಅದೇ ವರ್ಷ ಸ್ವಿಟ್ಜರ್ಲೆಂಡ್, ಏಳು ದಶಕಗಳಿಂದ ಜಾರಿಯಲ್ಲಿದ್ದ ಸರ್ಕ್ಯೂಟ್ ರೇಸ್ ನಿಷೇಧವನ್ನು ತೆರವುಗೊಳಿಸಿತು. ಮೇಲ್ನೋಟಕ್ಕೆ ಒಂದಕ್ಕೊಂದು ನಂಟಿಲ್ಲದ ಸುದ್ದಿಗಳಿವು. ಆದರೆ ಆ ನಿಷೇಧಕ್ಕೆ ಕಾರಣವಾದ 1955ರ ವಿಶ್ವ ಸ್ಪೋರ್ಟ್ಸ್ ಕಾರ್ ಚಾಂಪಿಯನ್‌ಷಿಪ್‌ನ ಕಥೆಯನ್ನು, ಹೊಸ ಕಾನೂನಿನ ಮಾತು ಕೇಳಿಬರುತ್ತಿರುವಾಗ ಒಮ್ಮೆ ತಿರುವಿ ನೋಡುವುದು ಲೇಸು.

ಆ ಋತುವಿನಲ್ಲಿ ಆರು ಸ್ಪರ್ಧೆಗಳು ನಡೆದವು. ಜನವರಿಯಲ್ಲಿ ಬ್ಯೂನಸ್ ಐರಿಸ್, ಮಾರ್ಚ್‌ನಲ್ಲಿ ಅಮೆರಿಕದ ಸೆಬ್ರಿಂಗ್, ಬಳಿಕ ಯುರೋಪು. ಮೇ 1ರಂದು ಇಟಲಿಯ ಮಿಲ್ಲೆ ಮಿಲ್ಯಾ. ಬ್ರೆಶಿಯಾದಿಂದ ರೋಮ್‌ಗೆ ಹೋಗಿ ಮರಳುವ ಸುಮಾರು 1,600 ಕಿಲೋಮೀಟರುಗಳ ಹಾದಿಯದು. ಹೊಸಪೇಟೆಯಿಂದ ಬೆಂಗಳೂರಿಗೆ ಎರಡು ಬಾರಿ ಹೋಗಿಬಂದರೂ ಅಷ್ಟಾಗದು. ಅಷ್ಟೂ ಊರುಕೇರಿಗಳ ನಡುವಿನ ಸಾಮಾನ್ಯ ರಸ್ತೆ. ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ಅದನ್ನು ಮರ್ಸಿಡಿಸ್ ಕಾರಿನಲ್ಲಿ 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರಿಗೂ ಅಧಿಕ. ಪಕ್ಕದಲ್ಲಿ ಕುಳಿತ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ತಿರುವುಗಳನ್ನೆಲ್ಲ ಮೊದಲೇ ಬರೆದಿಟ್ಟುಕೊಂಡ ಕಾಗದದ ಸುರುಳಿಯನ್ನು ಪೆಟ್ಟಿಗೆಯೊಳಗೆ ಸುತ್ತುತ್ತ, ಕೈಸನ್ನೆಯಿಂದ ದಾರಿ ಹೇಳಿದರು. ಇಂದು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ನಡೆಯುವ ರ್‍ಯಾಲಿಗಳಲ್ಲಿ ಕಾಸರಗೋಡಿನ ಮೂಸಾ ಶರೀಫ್ ಅವರಂಥ ಸಹಚಾಲಕರು ಮಾಡುವ ಕೆಲಸವೂ ಇದೇ ಜಾತಿಯದು.

ಮಾಸ್ ಅವರ ಸಾಹಸವನ್ನು ಜಗತ್ತು ಕೊಂಡಾಡಿತು. ಆರು ವಾರಗಳು ಕಳೆಯುವುದರೊಳಗೆ ಫ್ರಾನ್ಸಿನ ಲೆ ಮಾನ್ ನಡೆಯಿತು.

ಜೂನ್ 11ರ ಸಂಜೆ, 24 ಗಂಟೆಗಳ ಓಟ ಆರಂಭವಾಗಿ ಎರಡೂವರೆ ತಾಸು ಕಳೆದಿತ್ತಷ್ಟೆ. ಇಂಧನ ತುಂಬಿಸಿಕೊಳ್ಳಲು ಮೈಕ್ ಹಾಥಾರ್ನ್ ತಮ್ಮ ಜಾಗ್ವಾರ್ ಕಾರಿನ ವೇಗ ತಗ್ಗಿಸಿದರು. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ಅವರ ಆಸ್ಟಿನ್-ಹೀಲಿ ಪಕ್ಕಕ್ಕೆ ಹೊರಳಿತು. ಅದರ ಬೆನ್ನಿಗೇ ಬಂದ ಪಿಯರ್ ಲೆವೆ ಅವರ ಮರ್ಸಿಡಿಸ್ ಅದಕ್ಕೆ ಬಡಿದು ಮೇಲಕ್ಕೆ ಚಿಮ್ಮಿತು. ಛಿದ್ರಗೊಂಡ ಭಾಗಗಳು ಪ್ರೇಕ್ಷಕರ ಮೇಲೆ ಎರಗಿದವು. ಕಾರಿನ ಮೈ ಮೆಗ್ನೀಷಿಯಂ ಮಿಶ್ರಲೋಹದ್ದಾದ್ದರಿಂದ ಬೆಂಕಿ ಸುಲಭಕ್ಕೆ ಆರಲಿಲ್ಲ. ಲೆವೆ ಸೇರಿದಂತೆ 80ಕ್ಕೂ ಹೆಚ್ಚು ಮಂದಿ ಬಲಿಯಾದರು. ಆದರೂ ಓಟ ನಿಲ್ಲಲಿಲ್ಲ! ಜನ ಒಮ್ಮೆಗೇ ಹೊರಟರೆ ಆಂಬುಲೆನ್ಸ್‌ಗಳಿಗೆ ದಾರಿ ಸಿಗದು ಎಂಬುದು ಸಂಘಟಕರ ಸಮರ್ಥನೆ. ಮುನ್ನಡೆಯಲ್ಲಿದ್ದ ಮರ್ಸಿಡಿಸ್ ತಂಡ ನಡುರಾತ್ರಿಯ ಬಳಿಕ ಹಿಂದೆ ಸರಿಯಿತು. ಹಾಥಾರ್ನ್ ಮತ್ತು ಐವರ್ ಬ್ಯೂಬ್ ಗೆದ್ದರು.

ತಪ್ಪು ಯಾರದು? ಹಾಥಾರ್ನ್ ಅವರತ್ತ ಬಹಳ ಬೆರಳುಗಳು ಚಾಚಿದವು. ಆದರೆ ಅಧಿಕೃತ ವಿಚಾರಣೆ ಯಾವ ಚಾಲಕನನ್ನೂ ಹೊಣೆ ಮಾಡಲಿಲ್ಲ. ಅಲ್ಲಿ ಓಟ ಶುರುವಾದದ್ದು 1923ರಲ್ಲಿ. ಮೂರು ದಶಕಗಳಲ್ಲಿ ಕಾರುಗಳ ವೇಗ ಎಲ್ಲಿಗೋ ಹೋಗಿತ್ತು. ಇಂಧನ ತುಂಬುವ ಜಾಗಕ್ಕೂ ಓಟದ ಹಾದಿಗೂ ನಡುವೆ ತಡೆಯೇ ಇರಲಿಲ್ಲ, ಪ್ರೇಕ್ಷಕರಿಗೆ ಮಣ್ಣಿನ ದಿಣ್ಣೆಯೊಂದೇ ಆಸರೆ. ಅದನ್ನೆಲ್ಲ ಕೆಡವಿ ಮರುನಿರ್ಮಿಸಿದ್ದು ದುರಂತದ ನಂತರವೇ.

ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಮತ್ತು ಮೆಕ್ಸಿಕೊದ ಸ್ಪರ್ಧೆಗಳು ರದ್ದಾದವು. ಸೆಪ್ಟೆಂಬರ್‌ನಲ್ಲಿ ಉತ್ತರ ಐರ್ಲೆಂಡಿನ ಡಂಡ್ರಾಡ್‌ನ ಇಕ್ಕಟ್ಟಿನ ರಸ್ತೆಯಲ್ಲಿ ಮತ್ತೆ ಮೂವರು ಚಾಲಕರು ಸತ್ತರು. ಅಕ್ಟೋಬರ್ 16ರಂದು ಸಿಸಿಲಿಯ ಟಾರ್ಗಾ ಫ್ಲೋರಿಯೊ ಗೆದ್ದ ಮರ್ಸಿಡಿಸ್, ಫೆರಾರಿಯನ್ನು ಅಲ್ಪ ಅಂತರದಲ್ಲಿ ಹಿಂದಿಕ್ಕಿ ಪ್ರಶಸ್ತಿ ಪಡೆದು, ರೇಸ್ ಕಣದಿಂದಲೇ ದೂರವಾಯಿತು. ಇಟಲಿ ಮಾತ್ರ ಪಟ್ಟು ಬಿಡಲಿಲ್ಲ. 1957ರ ಮಿಲ್ಲೆ ಮಿಲ್ಯಾದಲ್ಲಿ ಫೆರಾರಿ ಕಾರೊಂದು ಜನರ ನಡುವೆ ನುಗ್ಗಿ ಐವರು ಮಕ್ಕಳು ಸೇರಿ ಒಂಬತ್ತು ಪ್ರೇಕ್ಷಕರು ಮೃತಪಟ್ಟ ಮೇಲಷ್ಟೇ ಸಾರ್ವಜನಿಕ ರಸ್ತೆಯ ಆ ಓಟಕ್ಕೆ ತೆರೆಬಿತ್ತು.

ಇದು ಪರದೇಶದ ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ ರಾಷ್ಟ್ರೀಯ ರ್‍ಯಾಲಿಯ ವೇಳೆ, ಸ್ಪರ್ಧೆಗೆಂದು ಮುಚ್ಚಿದ್ದ ರಸ್ತೆಗೆ ಬಂದ ಬೈಕ್‌ಗೆ ಕಾರು ಡಿಕ್ಕಿ ಹೊಡೆದು ಒಂದೇ ಕುಟುಂಬದ ಮೂವರು ಪ್ರಾಣ ಕಳೆದುಕೊಂಡರು. ರಸ್ತೆ ಕಾಗದದ ಮೇಲೆ ಮುಚ್ಚಿದ್ದರೆ ಸಾಲದು.

1988ರ ಮೋಟಾರು ವಾಹನ ಕಾಯ್ದೆಯ 189ನೇ ವಿಧಿ, ರಾಜ್ಯ ಸರ್ಕಾರದ ಲಿಖಿತ ಅನುಮತಿಯಿಲ್ಲದೆ ರೇಸ್ ನಡೆಸುವುದನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಬಾರಿಗೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೈಕಿಗೇ ಲಕ್ಷಾಂತರ ಸುರಿಯುವ ಯುವಕನಿಗೆ ಈ ದಂಡ ಲೆಕ್ಕಕ್ಕಿಲ್ಲ. ಹಾಗಾಗಿ ನ್ಯಾಯಾಲಯದ ಮಾತು ಸರಿಯಾಗಿಯೇ ಇದೆ. ಹೊಸಪೇಟೆ-ಬಳ್ಳಾರಿ ಹೆದ್ದಾರಿಯಲ್ಲಿ ಅದಿರು ಲಾರಿ, ಕಬ್ಬಿನ ಟ್ರಾಕ್ಟರ್, ಹಂಪಿಯ ಪ್ರವಾಸಿ ಬಸ್ಸುಗಳ ನಡುವೆ ಮುಂಗಾಲಿ ಎತ್ತಿದ ಬೈಕಿಗೆ ಜಾಗವಿಲ್ಲ.

ಹಾಗಾದರೆ ಜಾಗ ಎಲ್ಲಿದೆ? ನೆರೆಯ ತಮಿಳುನಾಡಿನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್, ಯುದ್ಧಕಾಲದ ಶೋಲಾವರಂ ವಿಮಾನಪಟ್ಟಿಯನ್ನೇ ದಶಕಗಳ ಕಾಲ ರೇಸ್ ಕಣವಾಗಿ ಬಳಸಿತು. 1990ರಲ್ಲಿ ಇರುಂಗಾಟ್ಟುಕೋಟ್ಟೈನಲ್ಲಿ ತನ್ನದೇ ಟ್ರ್ಯಾಕ್ ತೆರೆಯಿತು. ರ್‍ಯಾಲಿಗಳಲ್ಲಿ ಹೆಸರು ಮಾಡಿದ ಕರ್ನಾಟಕದಲ್ಲಿ ಅಂಥ ಕಾಯಂ ಅಂತರರಾಷ್ಟ್ರೀಯ ಸರ್ಕ್ಯೂಟ್ ಇಲ್ಲ. ಹೊಸ ಕಾನೂನಿನ ಕರಡು ಸಿದ್ಧವಾಗುವುದಾದರೆ, ಶಿಕ್ಷೆಯ ಪಟ್ಟಿಯ ಜೊತೆಗೆ ಇಂಥ ಅಂಕಣವನ್ನು ಎಲ್ಲಿ, ಯಾರ ಉಸ್ತುವಾರಿಯಲ್ಲಿ ಕಟ್ಟಬೇಕೆಂಬುದೂ ಅದೇ ಕಡತದಲ್ಲಿ ಚರ್ಚೆಗೆ ಬರಬೇಕು.