ಟನ್ ಲೆಕ್ಕದ ಕೂಲಿ, ಕೆಂಡದಂಥ ಮಧ್ಯಾಹ್ನ

ಏಪ್ರಿಲ್ ಬಂತೆಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ ಕಡೆಯ ನೀಲಗಿರಿ ತೋಪುಗಳಲ್ಲಿ ಕೊಡಲಿ ಸದ್ದು ಜೋರಾಗುತ್ತದೆ. ನೆಲ ಒಣಗಿರುವುದರಿಂದ ಲಾರಿ ತೋಪಿನೊಳಕ್ಕೇ ಬರುತ್ತದೆ. ಮುಂಗಾರಿಗೆ ಮುಂಚೆ ಸೌದೆ ಡಿಪೋಗಳು ತುಂಬಬೇಕು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತಾದರೂ ಹಳೆಯ ತೋಪುಗಳು ಕಡಿದಷ್ಟೂ ಬುಡದಿಂದ ಚಿಗುರುತ್ತಲೇ ಇವೆ. ಕೆರೆಯಂಗಳದ ಜಾಲಿ ಬೇರೆ. ವರ್ಷದಲ್ಲೇ ಹೆಚ್ಚು ಬಿಸಿಲಿರುವ ದಿನಗಳಲ್ಲಿ ಮೈಯನ್ನು ಹೆಚ್ಚು ದಂಡಿಸುವ ಈ ಕೆಲಸ ನಡೆಯುತ್ತದೆ.

ಬಯಲುಸೀಮೆಯಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟದೆ ಹವಾಮಾನ ಇಲಾಖೆ ಸಾಮಾನ್ಯವಾಗಿ ಬಿಸಿಗಾಳಿ ಎಂದು ಘೋಷಿಸುವುದಿಲ್ಲ. ಚಿಕ್ಕಬಳ್ಳಾಪುರ ಪಟ್ಟಣ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಆ ಅಂಕಿ ಅಪರೂಪ. ಹಾಗೆಂದು 36–37 ಡಿಗ್ರಿಯನ್ನು ಹಗುರಾಗಿ ಕಾಣುವುದು ತಪ್ಪು. ನೆರಳಲ್ಲಿಟ್ಟ ಮಾಪಕ ಗಾಳಿಯ ಬಿಸಿಯನ್ನಷ್ಟೇ ಹೇಳುತ್ತದೆ. ಕೊಡಲಿ ಎತ್ತುವ ತೋಳು ಖರ್ಚು ಮಾಡುವ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು. ಉಳಿದದ್ದೆಲ್ಲ ಮೈಯೊಳಗೇ ಬಿಸಿಯಾಗುತ್ತದೆ. ಮೇಲೆ ನೆತ್ತಿಯ ಸೂರ್ಯ, ಕೆಳಗೆ ಕಾದ ನೆಲ. ನೀಲಗಿರಿಯ ಎಲೆ ಜೋತುಬೀಳುವುದರಿಂದ ಮರದಡಿಯಲ್ಲೂ ಗಟ್ಟಿ ನೆರಳಿಲ್ಲ. ದಿಮ್ಮಿ ಹೊತ್ತು ಲಾರಿ ತುಂಬುವವರ ಅಂಗಿಯ ಬೆನ್ನನ್ನು ನೋಡಿ: ಬೆವರು ಒಣಗಿದ ಕಡೆ ಉಪ್ಪಿನ ಬಿಳಿ ಗೆರೆಗಳು, ಅದರ ಮೇಲೆ ಮತ್ತೆ ಬೆವರು. ಇಂಥ ಕೆಲಸದಲ್ಲಿ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹರಿಯುವುದು ಸಾಮಾನ್ಯ.

ಅಷ್ಟು ನೀರು ಕುಡಿದು ತುಂಬಿಕೊಳ್ಳಬೇಕು ಎಂಬ ಸಲಹೆ ಸರಿಯೇ. ಆದರೆ ಯಾವ ನೀರು? ಈ ಜಿಲ್ಲೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇರುವುದು ದಶಕಗಳಿಂದ ಗೊತ್ತಿರುವ ಸಂಗತಿ. ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ ಒಂದೂವರೆ, ಇದು ನಮ್ಮ ಮಾನದಂಡ. ದಿನಕ್ಕೆ ಎರಡು ಲೀಟರ್ ಕುಡಿಯುವವನಿಗೂ ಬಿಸಿಲಲ್ಲಿ ಏಳೆಂಟು ಲೀಟರ್ ಕುಡಿಯುವವನಿಗೂ ಅದೇ ಬೋರ್‌ವೆಲ್ ನೀರು ಕೊಟ್ಟರೆ, ಎರಡನೆಯವನ ಮೂಳೆಗೆ ಸೇರುವ ವಿಷ ಮೂರು ನಾಲ್ಕು ಪಟ್ಟು. ಬಿಸಿಲಿಂದ ಬಚಾವಾಗಲು ಕುಡಿದ ನೀರೇ ಮೊಣಕಾಲು ಹಿಡಿಯುವಂತಾಗಬಾರದು. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್‌ಗಳನ್ನು ತೋಪಿಗೆ ತಲುಪಿಸುವುದು ಮರ ಖರೀದಿಸಿದ ಗುತ್ತಿಗೆದಾರನ ಹೊಣೆಯಾಗಬೇಕು. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ, ರಾಗಿ ಅಂಬಲಿ ಇದ್ದರೆ ಇನ್ನೂ ಒಳ್ಳೆಯದು.

ನನ್ನ ಮಟ್ಟಿಗೆ ನೀರಿಗಿಂತ ದೊಡ್ಡ ಪ್ರಶ್ನೆ ಕೂಲಿಯ ಲೆಕ್ಕದ್ದು. ಟನ್ನಿಗಿಷ್ಟು ಎಂದು ದುಡಿಯುವವರಿಗೆ ನೆರಳಲ್ಲಿ ಕೂತ ಪ್ರತಿ ಅರ್ಧಗಂಟೆಯೂ ನಷ್ಟ. ‘ಮಧ್ಯಾಹ್ನ ವಿಶ್ರಾಂತಿ ಪಡೆಯಿರಿ’ ಎಂಬ ಸರ್ಕಾರಿ ಪ್ರಕಟಣೆ ಇವರಿಗೆ ‘ಇವತ್ತಿನ ಕೂಲಿ ಬಿಡಿ’ ಎಂದೇ ಕೇಳಿಸುತ್ತದೆ. ಪರಿಹಾರದ ತತ್ವ ನಮ್ಮಲ್ಲೇ ಇದೆ. ಕಲಬುರಗಿ, ಬೆಳಗಾವಿ ವಿಭಾಗಗಳಲ್ಲಿ ಉದ್ಯೋಗ ಖಾತರಿ ಕೂಲಿಕಾರರಿಗೆ ಬೇಸಿಗೆಯಲ್ಲಿ ಕೆಲಸದ ಪ್ರಮಾಣ ಇಳಿಸಿ, ಕೂಲಿ ಅಷ್ಟೇ ಕೊಟ್ಟದ್ದುಂಟು. 2025ರಲ್ಲಿ ಉತ್ತರದ ಒಂಬತ್ತು ಜಿಲ್ಲೆಗಳ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇನಲ್ಲಿ ಬೆಳಿಗ್ಗೆ 8ರಿಂದ 1.30ರವರೆಗೆ ನಡೆದವು. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಈ ವಿವೇಕ ತೋಪಿನವರಿಗೂ ಸಿಗಬೇಕು. ಕೇರಳದ ಕಾರ್ಮಿಕ ಇಲಾಖೆ ಬೇಸಿಗೆಯಲ್ಲಿ 12ರಿಂದ 3ರವರೆಗೆ ಬಿಸಿಲಿನ ಕೆಲಸ ನಿಲ್ಲಿಸುವ ಆದೇಶ ಹೊರಡಿಸುತ್ತ ಬಂದಿದೆ. ಕತಾರ್ 2021ರಿಂದ ಬೇಸಿಗೆಯಲ್ಲಿ 10ರಿಂದ 3.30ರವರೆಗೆ ಹೊರಾಂಗಣ ಕೆಲಸವನ್ನೇ ನಿಷೇಧಿಸಿದೆ.

ಇಲ್ಲಿ ಹೊತ್ತು ಇಳಿಸಿದರೆ ಸಾಲದು, ದರ ಏರಬೇಕು. ಕಡಿಯುವ ಸೌದೆ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾದರೆ ಟನ್ನಿನ ದರ ಮೂರರಲ್ಲಿ ಒಂದು ಪಾಲು ಹೆಚ್ಚಬೇಕು. ಆಗ ಮಾತ್ರ ಮನೆಗೆ ಒಯ್ಯುವ ದುಡ್ಡು ಅಷ್ಟೇ ಉಳಿಯುತ್ತದೆ. ಇದರಿಂದ ರೇಷ್ಮೆ ನೂಲು ತೆಗೆಯುವ ಶಿಡ್ಲಘಟ್ಟದ ರೀಲರ್‌ಗೆ ಸೌದೆ ತುಸು ತುಟ್ಟಿಯಾದೀತು. ಗೂಡು ಬೇಯಿಸಲು ಒಲೆ ಉರಿಸಲೇಬೇಕಾದ, ರೇಷ್ಮೆ ದರದ ಏರಿಳಿತದಲ್ಲಿ ತಾನೇ ನಲುಗುವ ಸಣ್ಣ ರೀಲರ್ ಮೇಲೆ ಪೂರ್ತಿ ಹೊರೆ ಹಾಕುವುದು ನ್ಯಾಯವಲ್ಲ. ಅವನ ಘಟಕದಲ್ಲೂ ಹೆಂಗಸರು ಬಿಸಿನೀರಿನ ತೊಟ್ಟಿಗೆ ಕೈಹಾಕಿ ಇದೇ ಬೇಸಿಗೆ ಕಳೆಯುತ್ತಾರೆ. ಸೌದೆ ಕಡಿಮೆ ಬೇಡುವ ಒಲೆಗಳಿಗೆ ರೇಷ್ಮೆ ಇಲಾಖೆ ನೆರವಾಗಲಿ.

ಮೇಸ್ತ್ರಿಗಳಿಗೆ ತಿಳಿದಿರಲೇಬೇಕಾದದ್ದು ಎರಡು. ಹೊಸ ಆಳನ್ನು ಮೊದಲ ದಿನವೇ ಪೂರ್ತಿ ದುಡಿಸಬಾರದು. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಕೆಲಸದ ನಡುವೆ ಯಾರಾದರೂ ತೊದಲಿದರೆ, ಗಲಿಬಿಲಿಗೊಂಡರೆ, ಕುಸಿದರೆ ಸುಸ್ತು ಎಂದು ಮಲಗಿಸಿ ಸುಮ್ಮನಾಗಬಾರದು. ಮೈಯೊಳಗಿನ ತಾಪ 40 ಡಿಗ್ರಿ ದಾಟಿರಬಹುದು. 108 ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಜಿಲ್ಲಾಡಳಿತ ಆದೇಶ ಹೊರಡಿಸುವುದಾದರೆ ಫೆಬ್ರವರಿಯಲ್ಲೇ ಬರಲಿ, ತೋಪುಗಳ ವ್ಯಾಪಾರ ಕುದುರುವ ಮುನ್ನ. ಅದಕ್ಕೆ ಕಾಯದೆ ತೋಪು ಮಾರುವ ರೈತರೂ ಕರಾರು ಪತ್ರದಲ್ಲಿ ಒಂದು ಷರತ್ತು ಬರೆಸಬಹುದು: ಏಪ್ರಿಲ್, ಮೇನಲ್ಲಿ 12ರಿಂದ 3ರವರೆಗೆ ಕಡಿತವೂ ಇಲ್ಲ, ಲೋಡಿಂಗೂ ಇಲ್ಲ.